ನನ್ನ ಝೋನ್, ನನ್ನ ಉಸಿರು

ಮಾರ್ಚ್ 9, 2025, ಭಾನುವಾರ

ವಾಚ್ ತಾನಾಗಿ ಹಾಕಿಕೊಟ್ಟಿದ್ದ ಹಾರ್ಟ್ ರೇಟ್ ಝೋನ್‌ಗಳನ್ನು (ಶ್ರಮಕ್ಕೆ ತಕ್ಕಂತೆ ನಿಮಿಷದ ಹೃದಯ ಬಡಿತವನ್ನು ವಿಂಗಡಿಸಿದ ಹಂತಗಳು) ಇವತ್ತು ಅಳಿಸಿ, ನನ್ನ ಲೆಕ್ಕದ ಅಂಕಿಗಳನ್ನು ತುಂಬಿದೆ.

ಅದು ಹಿಡಿದಿದ್ದು 220ರಲ್ಲಿ ವಯಸ್ಸು ಕಳೆಯುವ ಹಳೇ ಸೂತ್ರ. ನನಗೆ 50, ಹಾಗಾಗಿ ಗರಿಷ್ಠ ಬಡಿತ 170. ತನಕಾ ಎಂಬ ಸಂಶೋಧಕ ಮತ್ತು ಜೊತೆಗಾರರು 2001ರಲ್ಲಿ ಕೊಟ್ಟ ಸೂತ್ರದಲ್ಲಿ ವಯಸ್ಸಿನ 0.7 ಪಾಲನ್ನು 208ರಲ್ಲಿ ಕಳೆಯಬೇಕು. ಆಗ 173. ಎರಡೂ ಸರಾಸರಿಗಳೇ. ಒಂದೇ ವಯಸ್ಸಿನವರಲ್ಲೂ ನಿಜವಾದ ಗರಿಷ್ಠ ಹತ್ತು ಬಡಿತ ಆಚೀಚೆ ಇರುವುದು ಮಾಮೂಲಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಿಶ್ರಾಂತಿಯ ಬಡಿತ. ಬೆಳಿಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮುಂಚೆ ನಾಡಿ ಎಣಿಸುತ್ತಾ ಬಂದೆ. 58ರ ಆಸುಪಾಸು. ಕಾರ್ವೊನೆನ್ ವಿಧಾನದಲ್ಲಿ ಇದೂ ಲೆಕ್ಕಕ್ಕೆ ಸೇರುತ್ತದೆ. 173ರಲ್ಲಿ 58 ಕಳೆದರೆ 115. ಅದರ ಶೇ. 60ರಿಂದ 70ರಷ್ಟನ್ನು ತೆಗೆದು, ಮತ್ತೆ 58 ಕೂಡಿಸಬೇಕು. ನನ್ನ ಎರಡನೇ ಝೋನ್, ಅಂದರೆ ಸುಲಭದ ಓಟದ ಹಂತ, 127ರಿಂದ 138 ಆಯಿತು. ವಾಚ್ ತೋರಿಸುತ್ತಿದ್ದದ್ದು ಬರೀ 170ರ ಶೇ. 60ರಿಂದ 70, ಅಂದರೆ 102ರಿಂದ 119! 110ರಲ್ಲಿ ನಾನು ಬಿರುಸಾಗಿ ನಡೆಯುತ್ತಿರುತ್ತೇನೆ, ಅಷ್ಟೇ.

ಯಾವುದು ಸರಿ ಅಂತ ಉಸಿರನ್ನೇ ಕೇಳಿದೆ. 130ರಲ್ಲಿ ಓಡುವಾಗ ಗೆಳತಿಯ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಬಲ್ಲೆ. 140 ದಾಟಿದರೆ ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕು. 155ರ ಮೇಲೆ ಬರೀ ಹೂಂ, ಊಹೂಂ. ಲೆಕ್ಕವೂ ಉಸಿರೂ ಹೊಂದಿಕೊಂಡವು, ಹಾಗಾಗಿ ಈ ಅಂಕಿಗಳ ಮೇಲೆ ನನಗೆ ನಂಬಿಕೆ ಬಂತು. ಹೊಂದದೇ ಹೋಗಿದ್ದರೆ ಉಸಿರಿನ ಮಾತನ್ನೇ ಕೇಳುತ್ತಿದ್ದೆ.

ಇವತ್ತಿನ ಓಟ ದೀರ್ಘ, ಬಿಸಿಲು ಬೇರೆ. ಕೊನೆಕೊನೆಗೆ ವೇಗ ಹೆಚ್ಚಿಸದಿದ್ದರೂ ಬಡಿತ ಏರುತ್ತಾ ಹೋಯಿತು. ಬೆವರು ಸುರಿದಂತೆ ರಕ್ತದಲ್ಲಿನ ನೀರಿನಂಶ ಇಳಿಯುತ್ತದೆ. ಪ್ರತಿ ಬಡಿತಕ್ಕೂ ಹೃದಯ ತಳ್ಳುವ ರಕ್ತ ಕಡಿಮೆಯಾಗಿ, ಅದು ಹೆಚ್ಚು ಸಲ ಬಡಿಯಬೇಕಾಗುತ್ತದೆ. ನಿಧಾನ ಮಾಡಿದೆ, 138ರ ಒಳಗೆ ಬಂತು. ಸುಲಭದ ಓಟ ಸುಲಭವಾಗೇ ಇರಬೇಕಲ್ವಾ?

ಅಕ್ಕ ಫೋನಿನಲ್ಲಿ ತನ್ನ ಝೋನ್ ಲೆಕ್ಕ ಹಾಕಿಕೊಡು ಅಂದಳು. ಅವಳು ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುತ್ತಾಳೆ. ಆ ಮಾತ್ರೆ ಬಡಿತವನ್ನೇ ತಗ್ಗಿಸುವುದರಿಂದ ಈ ಸೂತ್ರಗಳು ಅವಳಿಗೆ ಒಗ್ಗುವುದಿಲ್ಲ. ಡಾಕ್ಟರನ್ನು ಕೇಳು ಅಂದೆ. ಅಲ್ಲಿಯವರೆಗೆ ಆರಾಮಾಗಿ ಮಾತಾಡುವಷ್ಟು ವೇಗದಲ್ಲಿ ನಡೆಯುತ್ತೇನೆ ಅಂತ ಒಪ್ಪಿದ್ದಾಳೆ.