ಹರಿಗೋಲು ಗಿರಗಿರ ತಿರುಗಿದಾಗ

26 ಜನವರಿ 2025, ಭಾನುವಾರ
ಗಂಗಾವತಿ, ರಾತ್ರಿ ಹನ್ನೊಂದೂವರೆ

ಎಲ್ಲರೂ ಮಲಗಿದ್ದಾರೆ. ಬ್ಯಾಗುಗಳು ಇನ್ನೂ ಹಾಲ್‌ನಲ್ಲೇ ಬಿದ್ದಿವೆ. ಒದ್ದೆ ಬಟ್ಟೆ ತೆಗೆದು ಹರವಬೇಕು, ಆದರೆ ಕೈ ಹೋಗುತ್ತಿಲ್ಲ. ಸೋದರತ್ತೆ ಆಡಿದ ಮಾತನ್ನು ಮೊದಲು ಬರೆದಿಡಬೇಕು ಅನ್ನಿಸುತ್ತಿದೆ.

ಆನೆಗುಂದಿ ಮನೆಯ ಹಿಂದಿನ ಗೋಡೆ ಬಿದ್ದ ಮೇಲೆ ಇಪ್ಪತ್ತಮೂರು ಜನ ಸಾಲಾಗಿ ಮಲಗುವಷ್ಟು ಜಾಗ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಅದಕ್ಕೇ ಈ ಸಲ ಮನೆಮಂದಿಯೆಲ್ಲ ಸೇರಿದ್ದು ಸಾಣಾಪುರದ ಹತ್ತಿರದ ರೆಸಾರ್ಟಿನಲ್ಲಿ. ಹುಬ್ಬಳ್ಳಿ ಅಣ್ಣನೇ ಹುಡುಕಿ ಬುಕ್ ಮಾಡಿದ್ದ. ಟೀವಿ ಇಲ್ಲ, ಈಜುಕೊಳ ಇಲ್ಲ. ಇರುವುದು ಚೌಕಾಬಾರ, ಅಳಗುಳಿ ಮಣೆ, ಲಗೋರಿ, ಚಿಣ್ಣಿದಾಂಡು, ಬುಗುರಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಮಧ್ಯಾಹ್ನ ರೊಟ್ಟಿ, ಎಣಗಾಯಿ. ನನಗೆ ಬಹಳ ಇಷ್ಟವಾಯಿತು. ಮಕ್ಕಳು ಎರಡು ದಿನ ಮೊಬೈಲ್ ಕೇಳಲಿಲ್ಲ, ಅಷ್ಟು ಸಾಕಲ್ವಾ? ದೊಡ್ಡಪ್ಪ ಎಂಬತ್ತೆರಡರ ವಯಸ್ಸಿನಲ್ಲಿ ಚಾಪೆ ಮೇಲೆ ಕೂತು ಕವಡೆ ಹಾಕಿದರು. ಅತ್ತೆ ಅವರ ಕಾಯಿ ಹೊಡೆದಾಗ, "ಈಕಿ ಇನ್ನೂ ಬಿಟ್ಟಿಲ್ಲ ನೋಡು" ಅಂತ ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ. ಆಗ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ಹರಿಗೋಲು. ಬೋರ್ಡಿನಲ್ಲಿ ಕೊರಾಕಲ್ ರೈಡ್ ಅಂತ ಬರೆದಿತ್ತು. ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆಯ ನೀರು ತುಂಬಿ ನಿಲ್ಲುವ ಕೆರೆ ಅದು, ಸುತ್ತ ಬಂಡೆ ಗುಡ್ಡ. ಎಲ್ಲರಿಗೂ ಕೇಸರಿ ಜಾಕೆಟ್ ಹಾಕಿಸಿದರು. ಭಾವ ಮೇಷ್ಟ್ರಲ್ವಾ, ಮಕ್ಕಳನ್ನು ನಿಲ್ಲಿಸಿಕೊಂಡು ಹೇಳಿದರು: ಐನೂರು ವರ್ಷದ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಕೂಡ ಈ ಬುಟ್ಟಿಯಂಥ ದೋಣಿ ಬಗ್ಗೆ ಬರೆದಿದ್ದಾನೆ, ಆಗ ಮೇಲೆ ತೊಗಲು ಹೊದಿಸುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳನ್ನೂ ಇದರಲ್ಲಿ ದಾಟಿಸುತ್ತಿದ್ದರು ಅಂತ. ಅತ್ತೆ ಮೆಲ್ಲಗೆ, "ನಮ್ಮ ಕಾಲಕ್ಕ ಮೋಟರ್‌ಸೈಕಲ್ ಹಾಕ್ಕೊಂಡು ಬರತಿದ್ರು" ಅಂದರು.

ನೀರಿನ ನಡುವೆ ಹೋದ ಮೇಲೆ ಹುಟ್ಟು ಹಾಕುವ ಹುಡುಗ ಹರಿಗೋಲನ್ನು ಗಿರಗಿರ ತಿರುಗಿಸಿದ. ಅಲ್ಲಿ ಎಲ್ಲರೂ ಅದಕ್ಕೇ ಬರುವುದು. ಮಕ್ಕಳು ಕೇಕೆ ಹಾಕಿದರು. ನನ್ನ ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರ ಬಲಗೈ ಬಿದಿರಿನ ಅಂಚನ್ನು ಹಿಡಿದಿತ್ತು. ಹಸಿರು ಬಳೆಗಳು ಮಣಿಕಟ್ಟಿನಿಂದ ಮೇಲೆ ಸರಿದು ನಿಂತಿದ್ದವು, ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಎಡಗೈ ನನ್ನ ಮಗನ ಜಾಕೆಟ್ಟಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿಕೊಂಡಿತ್ತು. "ನಿಲ್ಲಸಪ್ಪಾ" ಅಂದರು. ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. "ನಿಲ್ಲಸು ಅಂದ್ನೆಲ್ಲ!" ಆ ದನಿ ನಾನು ಯಾವತ್ತೂ ಕೇಳಿರಲಿಲ್ಲ. ಹುಡುಗ ತಕ್ಷಣ ಹುಟ್ಟು ಊರಿದ. ಆಮೇಲೆ ದಂಡೆಗೆ ಬರುವ ತನಕ ಯಾರೂ ಮಾತಾಡಲಿಲ್ಲ.

ಬೇರೆಯವರು ಚಹಾಕ್ಕೆ ಹೋದರು. ನಾವಿಬ್ಬರೂ ಬಂಡೆ ಮೇಲೆ ಕೂತೆವು.

"ಹೆದರಿಕಿ ಆಯ್ತಾ ಅತ್ತಿ?"

"ಹೆದರಿಕಿ ಅಲ್ಲ ಯವ್ವಾ. ಹೊಳ್ಯಾಗ ಹರಿಗೋಲು ತಿರುಗಿತು ಅಂದ್ರ ಸುಳಿಗೆ ಸಿಕ್ಕೈತಿ ಅಂತ. ಆಗ ಅಂಬಿಗನೂ ದೇವರ ಹೆಸರು ಹೇಳತಿದ್ದ. ಇಲ್ಲಿ ರೊಕ್ಕ ಕೊಟ್ಟು ತಿರುಗಿಸ್ಕೊಂತಾರ."

ಅತ್ತೆಯನ್ನು ಕೊಟ್ಟಿದ್ದು ತುಂಗಭದ್ರಾ ಹೊಳೆಯಾಚೆ ಕಮಲಾಪುರಕ್ಕೆ. ತವರು ಆನೆಗುಂದಿಗೆ ಬರಬೇಕು ಅಂದರೆ ತಳವಾರಘಟ್ಟದಲ್ಲಿ ಹರಿಗೋಲು ಹತ್ತಬೇಕು. ಆಗ ಅಲ್ಲಿ ಸೇತುವೆ ಇರಲಿಲ್ಲ. ಆಮೇಲೆ ಕಟ್ಟಲು ಶುರು ಮಾಡಿದ್ದೂ 2009ರ ಜನವರಿಯಲ್ಲಿ ಕುಸಿದುಬಿತ್ತು, ಜನ ಸತ್ತರು. ಆನೆಗುಂದಿ ಹತ್ತಿರದ ಕಡೇಬಾಗಿಲು ಸೇತುವೆ ಆಗಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಡ್ಯಾಮಿನಿಂದ ನೀರು ಬಿಟ್ಟರೆ ಹರಿಗೋಲು ಬಂದ್. ಎದುರಿಗೇ ಕಾಣುವ ಊರಿಗೆ ಹೊಸಪೇಟೆ, ಮುನಿರಾಬಾದ್ ಎಲ್ಲ ಸುತ್ತಿಕೊಂಡು ಬಸ್ಸು ಬದಲಿಸಿ ಬರಬೇಕು. ಹೋದ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ನೀರು ನುಗ್ಗಿತಲ್ಲ, ಮರುದಿನ ಬೆಳಿಗ್ಗೆ ಅತ್ತೆ ಫೋನ್ ಮಾಡಿ ಮೊದಲು ಕೇಳಿದ್ದೇ, "ಅಲ್ಲಿ ಎಲ್ಲಾರೂ ಆರಾಮ ಅದೀರಿಲ್ಲ? ಯಾರಿಗೂ ಏನೂ ಆಗಿಲ್ಲಲ್ಲ?" ಅಂತ. ನಾವು ಗಂಗಾವತಿಯವರು, ಹೊಳೆಯಿಂದ ಇಷ್ಟು ದೂರ ಇದ್ದೇವೆ, ಯಾಕೆ ಇಷ್ಟು ಗಾಬರಿ ಅಂತ ಆಗ ನನಗೆ ಅರ್ಥ ಆಗಿರಲಿಲ್ಲ.

ಅಜ್ಜಿ ತೀರಿಕೊಂಡಾಗ ನಾನು ಐದನೇ ಕ್ಲಾಸು. ಶ್ರಾವಣ. ಎಲ್ಲ ಮುಗಿದು ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದಿದ್ದು ನೆನಪಿದೆ. ಅಳಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಬಿಂದಿಗೆ ತೊಳೆಯುತ್ತಾ ಕೂತರು. ಎಂಥ ಗಟ್ಟಿ ಮನಸ್ಸು ಅಂತ ಹೆಂಗಸರು ಮಾತಾಡಿಕೊಂಡಿದ್ದರು. ನಾನೂ ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ನಿನ್ನೆ ಅತ್ತೆ ಹೇಳಿದರು. ಸುದ್ದಿ ಬೆಳಿಗ್ಗೆಯೇ ಮುಟ್ಟಿತ್ತು. ಹೊಳೆ ಬಂದಿದೆ ಅಂತ ಗೊತ್ತಿದ್ದೂ ತಳವಾರಘಟ್ಟಕ್ಕೆ ಓಡಿದರು. ಹರಿಗೋಲುಗಳನ್ನೆಲ್ಲ ದಂಡೆ ಮೇಲೆ ಬೋರಲು ಹಾಕಿದ್ದರು. ಅಂಬಿಗನ ಕಾಲು ಹಿಡಿದರು. "ಬ್ಯಾಡ ಅವ್ವಾ, ಇಬ್ರೂ ಹೋಗ್ತೀವಿ" ಅಂದನಂತೆ ಅವನು.

"ಆ ದಂಡಿಗೆ ಹಲಗಿ ಬಡಿಯೋದು ಕೇಳತಿತ್ತು" ಅಂದರು ಅತ್ತೆ. "ಗಾಳಿ ಈ ಕಡೆ ಬಂದಾಗ ಕೇಳತಿತ್ತು. ಗಾಳಿ ತಿರುಗಿದ್ರ ಬರೇ ಹೊಳಿ ಸಪ್ಪಳ. ಎಷ್ಟೊತ್ತು ಕುಂತಿದ್ನೋ ಗೊತ್ತಿಲ್ಲ. ಆ ಸಪ್ಪಳ ಬಿಟ್ಟು ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಾಕ ಮನಸ್ಸಾಗಲಿಲ್ಲ. ಎದ್ರ ಅವ್ವನ್ನ ಬಿಟ್ಟು ಹೋದಂಗಾಗತಿತ್ತು. ಬೇಗ ಎದ್ದಿದ್ರ ಮುಖ ಸಿಗತಿತ್ತೇನೋ."

ನಾನು ಏನೂ ಹೇಳಲಾಗಲಿಲ್ಲ. ಅವರ ಕೈ ಹಿಡಿದುಕೊಂಡೆ. ಬಿದಿರಿನ ಅಂಚು ಒತ್ತಿದ ಗೆರೆ ಅಂಗೈಯಲ್ಲಿ ಇನ್ನೂ ಕೆಂಪಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರೇ ಅಂದರು, "ಒಂದು ತಾಸು ಕಾಯಬೇಕಿತ್ತು ಇವ್ರು. ಆಕಿ ಬರಾದಿಲ್ಲ ಅಂತ ಅವ್ರೇ ತೀರ್ಮಾನ ಮಾಡಿದ್ರು. ಮಣ್ಣು ಮಾಡಿ ಬಂದು ಊಟಕ್ಕ ಕುಂತಿದ್ರು, ನಾ ಬಸ್ಸಿನ್ಯಾಗ ಇದ್ದೆ."

ಅವರು ಅಂದರೆ ದೊಡ್ಡಪ್ಪ. ಹೆಸರು ಹಿಡಿಯಲಿಲ್ಲ. ಅಷ್ಟರಲ್ಲಿ ಮಗ ಮಿರ್ಚಿ ಹಿಡಿದುಕೊಂಡು ಓಡಿ ಬಂದ. ಅತ್ತೆ ಸೆರಗಿನಿಂದ ಅವನ ತಲೆ ಒರೆಸಿ, ಚಿಣ್ಣಿದಾಂಡಲ್ಲಿ ಎಷ್ಟು ದೂರ ಹೊಡೆದೆ ಅಂತ ಕೇಳತೊಡಗಿದರು.

ಇವತ್ತು ಬೆಳಿಗ್ಗೆ ಧ್ವಜಾರೋಹಣ, ಲಾಡು, ಹಗ್ಗ ಜಗ್ಗಾಟ, ಗ್ರೂಪ್ ಫೋಟೊ. ಅತ್ತೆ ಮಧ್ಯಾಹ್ನವೇ ಮಗನ ಕಾರಲ್ಲಿ ಹೊರಟರು. ಸಂಜೆ ಐದಕ್ಕೆ ನಾವು. ದೊಡ್ಡಪ್ಪ ನಮ್ಮ ಕಾರಲ್ಲಿ ಮುಂದಿನ ಸೀಟಿನಲ್ಲಿದ್ದರು. ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು. ಹೆಂಗಸರು ಸಾಲು ಬಿಟ್ಟು ಬದುವಿಗೆ ಬರುತ್ತಿದ್ದರು.

"ನಿನ್ನೆ ಕೆರಿ ದಂಡ್ಯಾಗ ಬಹಳ ಹೊತ್ತು ಕುಂತಿದ್ರಲ್ಲ, ಏನಂದ್ಳು ಆಕಿ?" ಅಂತ ಕೇಳಿದರು.

"ಏನಿಲ್ಲ ದೊಡ್ಡಪ್ಪ. ಹರಿಗೋಲಿನ ವಿಷಯ."

ಅವರು ಕಿಟಕಿಯಾಚೆ ನೋಡುತ್ತಾ ಸುಮ್ಮನಾದರು. ಊರು ಹತ್ತಿರ ಬಂತು. ಗಂಟಲು ಸರಿ ಮಾಡಿಕೊಂಡು, "ಅವತ್ತು ಮಳಿ ಬರೋ ಹಂಗಿತ್ತು" ಅಂದರು.

ನಾನು ಅವತ್ತಿನ ಮಾತನ್ನು ಎತ್ತೇ ಇರಲಿಲ್ಲ.

ನಾಳೆ ಅಪ್ಪನನ್ನು ಕೇಳಬೇಕು. ಆ ದಿನ ನಿಜವಾಗಲೂ ಮೋಡ ಕಟ್ಟಿತ್ತಾ, ಇಲ್ಲಾ ದೊಡ್ಡಪ್ಪ ಇಷ್ಟು ವರ್ಷ ಅದನ್ನೇ ತಮಗೆ ತಾವು ಹೇಳಿಕೊಂಡು ಬಂದಿದ್ದಾರಾ ಅಂತ.