ಘಟ್ಟ ಹತ್ತುವ ಮೊದಲು ಡೀಸೆಲ್ ಫಿಲ್ಟರ್: ಕಾರವಾರದಿಂದ ಶಿರಸಿಗೆ ಮೋಟರ್‌ಹೋಮ್ ಒಯ್ಯುವವರಿಗೆ

ಕಾರವಾರದಿಂದ ಕುಮಟಾದವರೆಗೆ ಗಾಡಿಯ ಬಗ್ಗೆ ಒಂದು ದೂರೂ ಇರುವುದಿಲ್ಲ. ಹೆದ್ದಾರಿ 66ರಲ್ಲಿ ಏರು ಕಡಿಮೆ. ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ, ಮೂರೂವರೆ ಟನ್ ತೂಗುವ ಮೋಟರ್‌ಹೋಮ್ ಕೂಡ ಟಾಪ್ ಗೇರಿನಲ್ಲಿ ಸಲೀಸಾಗಿ ಓಡುತ್ತದೆ. ಅದೇ ಗಾಡಿ ಕುಮಟಾದಲ್ಲಿ ಶಿರಸಿ ರಸ್ತೆಗೆ ತಿರುಗಿ, ಕತಗಾಲ ದಾಟಿ ದೇವಿಮನೆ ಘಟ್ಟದ ಮೂರು ತಿರುವು ಹತ್ತುವಷ್ಟರಲ್ಲಿ ದಮ್ಮು ಕಟ್ಟಿದಂತೆ ಮಾಡುತ್ತದೆ. ಎಕ್ಸಲರೇಟರ್ ನೆಲಕ್ಕೆ ಒತ್ತಿದರೂ ಪಿಕಪ್ ಇಲ್ಲ, ಸೆಕೆಂಡಿಗೆ ಇಳಿಸಿದರೂ ಎಳೆಯುವುದಿಲ್ಲ, ಎಂಜಿನ್ ಲೈಟ್ ಹೊತ್ತಿಕೊಳ್ಳುತ್ತದೆ. ಹತ್ತು ನಿಮಿಷ ನಿಲ್ಲಿಸಿ ಹೊರಟರೆ ಎರಡು ತಿರುವು ಸರಿ, ಮತ್ತೆ ಅದೇ ಕಥೆ.

ಈ ಲಕ್ಷಣ ಕಂಡರೆ ಹತ್ತರಲ್ಲಿ ಎಂಟು ಸಲ ತಪ್ಪು ಡೀಸೆಲ್ ಫಿಲ್ಟರ್‌ನದು. ಸಪಾಟು ರಸ್ತೆಯಲ್ಲಿ ಎಂಜಿನ್ ಕುಡಿಯುವ ಡೀಸೆಲ್ ಸ್ವಲ್ಪ. ಅರ್ಧ ಕಟ್ಟಿದ ಫಿಲ್ಟರ್ ಕೂಡ ಅಷ್ಟನ್ನು ಬಿಡುತ್ತದೆ. ಫುಲ್ ಲೋಡಿನ ಏರಿನಲ್ಲಿ ಅದರ ಹಲವು ಪಟ್ಟು ಬೇಕು, ಆಗ ಫಿಲ್ಟರಿನೊಳಗಿನ ಕಟ್ಟಿದ ಸೋಸುವ ಕಾಗದ ಬಿಡುವುದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ 0087 ತೋರಿಸಬಹುದು, ಅಂದರೆ ರೈಲ್ ಪ್ರೆಶರ್ (ಎಂಜಿನ್ನಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರ್‌ಗಳಿಗೆ ಅದನ್ನು ಹಂಚುವ ಕೊಳವೆಯ ಒತ್ತಡ) ಕಡಿಮೆ. ಈ ಕೋಡ್ ನೋಡಿದ ಕೂಡಲೇ ಪಂಪ್ ಹೋಗಿದೆ, ಇಂಜೆಕ್ಟರ್ ಹೋಗಿದೆ ಎನ್ನುವವರಿದ್ದಾರೆ. ಘಟ್ಟದ ಮೇಲಿನ ಒಂದು ಗ್ಯಾರೇಜ್ ಇಂಥದ್ದೇ ಗಾಡಿಗೆ ನಾಲ್ಕೂ ಇಂಜೆಕ್ಟರ್ ಬಿಚ್ಚುವ ಅಂದಾಜುಪಟ್ಟಿ ಬರೆದುಕೊಟ್ಟಿತು. ಕೊನೆಗೆ ಬದಲಾದದ್ದು ಒಂದು ಫಿಲ್ಟರ್, ಎರಡು ವಾಷರ್. ಆದ್ದರಿಂದ ಈ ಕೆಲಸ ಘಟ್ಟದ ಕೆಳಗೇ, ನಿಮ್ಮ ಕೈಯಾರೆ, ಹತ್ತುವ ಮೊದಲೇ ಮುಗಿಯಲಿ.

ಕರಾವಳಿಯಲ್ಲೇ ಯಾಕೆ ಇಷ್ಟು ಬೇಗ ಕಟ್ಟುತ್ತದೆ? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಮಳೆ ಇಲ್ಲದಾಗಲೂ ತೇವದ ಗಾಳಿ. ಮೋಟರ್‌ಹೋಮ್ ಎಂಬ ಗಾಡಿಯೋ, ವರ್ಷದಲ್ಲಿ ಎಂಟು ತಿಂಗಳು ಶೆಡ್ಡಿನಲ್ಲಿ ನಿಂತಿರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣಿದಾಗ ಒಳಗೋಡೆಯಲ್ಲಿ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆ ಆಗುತ್ತದೆ. ನಿಂತ ಗಾಡಿಯಲ್ಲಿ ಅದು ತಳದಲ್ಲೇ ಇರುತ್ತದೆ. ಘಟ್ಟದ ತಿರುವುಗಳಲ್ಲಿ ಟ್ಯಾಂಕ್ ಕುಲುಕಿದಾಗ ಎಲ್ಲ ಎದ್ದು ಒಂದೇ ಸಲಕ್ಕೆ ಫಿಲ್ಟರಿಗೆ ಬರುತ್ತದೆ. ಆದ್ದರಿಂದ ಕಿಲೋಮೀಟರ್ ಲೆಕ್ಕ ನೋಡಿ ‘ಇನ್ನೂ ಸಮಯ ಇದೆ’ ಎಂದುಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಮಳೆಗಾಲ ಕಳೆದ ಮೇಲಿನ ಮೊದಲ ಪ್ರವಾಸಕ್ಕೆ ಮುಂಚೆ ಹೊಸ ಫಿಲ್ಟರ್, ಅಷ್ಟೇ.

ಡೀಸೆಲ್ ತುಂಬಿಸುವಾಗ ಸಾಂದ್ರತೆ ಅಳೆದು ತೋರಿಸಿ ಎಂದು ಕೇಳುವ ಹಕ್ಕು ಇದೆ. ಬೆಳಿಗ್ಗೆ ಬಂಕಿನವರು ಬರೆದಿಟ್ಟ ಅಂಕಿಗೂ ನಿಮ್ಮೆದುರು ಅಳೆದದ್ದಕ್ಕೂ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆದರೆ ತಳದಲ್ಲಿ ನಿಂತ ನೀರು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಅಳತೆಗೋಲಿನ ತುದಿಗೆ ವಾಟರ್ ಪೇಸ್ಟ್ ಹಚ್ಚಿ ನೆಲದಡಿಯ ಟ್ಯಾಂಕಿಗೆ ಇಳಿಸುತ್ತಾರೆ, ನೀರು ತಾಗಿದಷ್ಟು ಉದ್ದಕ್ಕೆ ಬಣ್ಣ ಬದಲಾಗುತ್ತದೆ. ಮಳೆಗಾಲದಲ್ಲಿ ಇದನ್ನೇ ಕೇಳಿ. ಟ್ಯಾಂಕರ್ ಲಾರಿ ಆಗಷ್ಟೇ ಇಳಿಸುತ್ತಿದ್ದರೆ ತಳದ ಕೆಸರು ಎದ್ದಿರುತ್ತದೆ, ಮುಂದಿನ ಬಂಕಿಗೆ ಹೋಗಿ. ಘಟ್ಟ ಹತ್ತುವಾಗ ಟ್ಯಾಂಕ್ ಮುಕ್ಕಾಲಿಗಿಂತ ಕೆಳಗೆ ಬೇಡ.

ಸಾಮಾನು ಕೊಳ್ಳಲು ಕಾರವಾರವೇ ಒಳ್ಳೆಯದು. ಫಿಲ್ಟರ್ ಮಾತ್ರ ಊರಿನಿಂದಲೇ ತನ್ನಿ, ಒಂದಲ್ಲ ಎರಡು. ಕೆಟ್ಟ ಡೀಸೆಲ್ ಬಿದ್ದರೆ ಹೊಸದೂ ನೂರು ಕಿಲೋಮೀಟರಿಗೆ ಕಟ್ಟುತ್ತದೆ. ಹಳೆಯದರ ಮೇಲಿನ ಪಾರ್ಟ್ ನಂಬರ್ ನೋಡಿ ಅದನ್ನೇ ತೆಗೆದುಕೊಳ್ಳಿ; ಮೇಲಿನ ಗಾತ್ರ, ಚೂಡಿ (ತಿರುಪು) ಸರಿಹೋದರೂ ಒಳಗಿನ ಕಾಗದ ಎಷ್ಟು ಮೈಕ್ರಾನ್, ಅಂದರೆ ಎಷ್ಟು ಸಣ್ಣ ಕಣ ತಡೆಯುತ್ತದೆ ಎಂಬುದು ಬೇರೆ ಇರಬಹುದು. ಡೂಪ್ಲಿಕೇಟ್ ಬಹಳ. ಬಿಳಿ ಕಾಗದದ ಮೇಲೆ ಬಾಯಿ ಕೆಳಗಾಗಿ ಹಿಡಿದು ತಟ್ಟಿ: ಲೋಹದ ಪುಡಿ ಉದುರಿದರೆ ವಾಪಸ್ ಕೊಡಿ. ಉಳಿದ ಚಿಲ್ಲರೆಗೆ, ಅಂದರೆ ತಾಮ್ರದ ವಾಷರ್, ಕ್ಲಿಪ್, 8 ಎಂ.ಎಂ. ಪಾರದರ್ಶಕ ಡೀಸೆಲ್ ಪೈಪ್ ಅರ್ಧ ಮೀಟರ್, ಇವಕ್ಕೆ ಬೈತಖೋಲ ಬಂದರಿನ ಕಡೆ ವಿಚಾರಿಸಿ. ಮೀನು ಬೋಟಿನ ಎಂಜಿನ್ನೂ ಡೀಸೆಲ್ಲೇ, ನೀರು ಬೆರೆಯುವ ರಗಳೆ ಅವರಿಗೆ ದಿನನಿತ್ಯದ್ದು. ಡೀಸೆಲ್ ಲೈನಿಗೆ ಗಾಳಿ ಹೊಕ್ಕು ಏರ್ ಹಿಡಿದ ಎಂಜಿನ್ನಿಗೆ ಬೋಟ್ ಮೆಕ್ಯಾನಿಕ್‌ನಷ್ಟು ಒಳ್ಳೆಯ ವೈದ್ಯ ಕಾರ್ ಶೋರೂಮಿನಲ್ಲಿ ಸಿಗುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಬೋಟುಗಳೆಲ್ಲ ದಡದಲ್ಲಿ ದುರಸ್ತಿಗೆ ನಿಂತಿರುತ್ತವೆ.

ಬೇಕಾದ ಇನ್ನಷ್ಟು: ಬೆಲ್ಟ್ ಮಾದರಿಯ ಫಿಲ್ಟರ್ ಪಾನಾ, ಒಂದು ಲೀಟರಿನ ಪಾರದರ್ಶಕ ಬಾಟಲಿ, ಅಗಲ ಬಾಯಿಯ ಡಬ್ಬಿ, ರಬ್ಬರ್ ಗ್ಲೌಸ್, ಟಾರ್ಚ್, ನೂಲು ಬಿಡದ ಬಟ್ಟೆ. ಗ್ಯಾರೇಜಿನ ಕಾಟನ್ ವೇಸ್ಟ್ ಹತ್ತಿರ ತರಬೇಡಿ. ಅದರ ಒಂದು ಎಳೆ ಫಿಲ್ಟರ್ ಹೆಡ್‌ನ (ಫಿಲ್ಟರ್ ತಿರುಗಿಸಿ ಕೂರಿಸುವ ಮೇಲಿನ ಭಾಗ) ಹೊರಹೋಗುವ ತೂತಿಗೆ ಬಿದ್ದರೆ ಮುಂದೆ ತಡೆಯುವ ಕಾಗದ ಇಲ್ಲ, ನೇರ ಪಂಪಿಗೆ ಹೋಗುತ್ತದೆ.

ಕೆಲಸ ಎಲ್ಲಿ ಮಾಡಬೇಕು ಎಂಬುದು ಅರ್ಧ ಯಶಸ್ಸು. ಗೋಕರ್ಣದಲ್ಲಿ ಬೇಡ. ಶನಿವಾರ, ಭಾನುವಾರ ಅಲ್ಲಿ ಬೈಕ್ ನಿಲ್ಲಿಸಲೂ ಜಾಗವಿಲ್ಲ, ರಥಬೀದಿಯ ಕಡೆ ದೊಡ್ಡ ಗಾಡಿ ತಿರುಗಿಸುವುದು ದೇವರಿಗೇ ಪ್ರೀತಿ. ಹತ್ತಿರದ ಒಂದು ‘ಕ್ಯಾಂಪಿಂಗ್’ ಜಾಗದವರು ತೆಂಗಿನ ತೋಟದ ಮರಳಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವುದಕ್ಕೆ ಪೂರ್ತಿ ರೂಮಿನ ಬಾಡಿಗೆ ಕೇಳುತ್ತಾರೆ. ಕೊಡುವುದು ಒಂದು ಪ್ಲಗ್. ಅದರಲ್ಲಿ ವೋಲ್ಟೇಜ್ ಎಷ್ಟು ಕಡಿಮೆ ಎಂದರೆ ಏಸಿ ಹಚ್ಚಿದರೆ ಬಲ್ಬ್ ಕಣ್ಣು ಮುಚ್ಚುತ್ತದೆ. ಮರಳು ಗಾಳಿಗೆ ಹಾರುತ್ತದೆ, ಬಿಚ್ಚಿದ ಫಿಲ್ಟರ್ ಹೆಡ್‌ಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗದ ಕೆಳಗೂ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ಲಾರಿ ಎಲ್ಲವೂ ಹೋದವು.

ಕುಮಟಾದಿಂದ ಶಿರಸಿ ರಸ್ತೆ ಹಿಡಿದ ಮೇಲೆ, ಕತಗಾಲ ಬರುವ ಮೊದಲು ಎಡಕ್ಕೆ ಬೋರ್ಡೂ ಇಲ್ಲದ ಒಂದು ತಗಡಿನ ಮಾಡಿನ ಹೋಟೆಲ್ ಇದೆ. ಪಕ್ಕದಲ್ಲಿ ಎರಡು ಲಾರಿ ನಿಲ್ಲುವಷ್ಟು ಸಪಾಟು, ಗಟ್ಟಿ ಜಾಗ, ಹಲಸಿನ ಮರದ ನೆರಳು. ಎಂಜಿನ್ ತಣಿಯಲು ಮುಕ್ಕಾಲು ಗಂಟೆ ಬೇಕಲ್ಲ, ಅದನ್ನು ಇಲ್ಲಿ ಕಳೆಯಿರಿ. ಬೆಳಿಗ್ಗೆ ಬನ್ಸ್. ಬಾಳೆಹಣ್ಣು ಕಿವುಚಿ ರಾತ್ರಿಯೇ ಕಲಸಿಟ್ಟ ಹಿಟ್ಟು, ಅಂಚು ಗರಿ, ಒಳಗೆ ಪೊಳ್ಳು, ಜೀರಿಗೆಯ ಘಮ. ಜೊತೆಗೆ ವಟಾಣಿ ಭಾಜಿ, ಮೇಲೆ ಹಸಿ ಈರುಳ್ಳಿ. ಅವಲಕ್ಕಿಗೆ ಗಟ್ಟಿ ಮೊಸರು ಕೇಳಿದರೆ ಹಾಕಿಕೊಡುತ್ತಾರೆ. ಚಹಾ ಸಾಮಾನ್ಯ; ಕಷಾಯ ಹೇಳಿ, ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿದ್ದು, ಬೆಲ್ಲ ಹಾಕಿ ಕುದಿಸಿದ್ದು. ಮಧ್ಯಾಹ್ನ ಅಪ್ಪೆಹುಳಿ (ಮಾವಿನಕಾಯಿಯ ತಿಳಿ ಸಾರು) ಇದ್ದರೆ ಎರಡನೇ ಲೋಟ ಕೇಳಲು ನಾಚಿಕೆ ಬೇಡ. ನಾಲ್ಕು ಜನ ಹೊಟ್ಟೆ ತುಂಬ ತಿಂದ ಬಿಲ್ಲು, ಗೋಕರ್ಣದ ಬೀಚ್ ಬದಿಯಲ್ಲಿ ಒಬ್ಬರ ತಿಂಡಿಗೆ ತೆರುವುದಕ್ಕಿಂತ ಕಡಿಮೆ. ಕೈ ತೊಳೆಯಲು ಹೊರಗೇ ನಲ್ಲಿ ಇದೆ. ಡೀಸೆಲ್ ಕೈಯಲ್ಲಿ ಒಳಗೆ ಬಂದರೆ ಮಾತ್ರ ಬೈಸಿಕೊಳ್ಳುತ್ತೀರಿ.

ಈಗ ಗಾಡಿ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಕೀ ತೆಗೆಯಿರಿ. ಮೋಟರ್‌ಹೋಮ್‌ನಲ್ಲಿ ಮರೆಯುವುದು ಅಡುಗೆಮನೆ: ಗ್ಯಾಸ್ ಸಿಲಿಂಡರ್ ಬಂದ್, ಗ್ಯಾಸಿನ ಫ್ರಿಜ್ ಇದ್ದರೆ ಅದೂ ಬಂದ್. ನಮ್ಮ ಡೀಸೆಲ್‌ನ ಫ್ಲಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಬಿಸಿ, ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನದ ಬಿಸಿ ಬಾನೆಟ್ ಅಡಿಯಲ್ಲಿ ಅದು ದೂರದ ಮಾತಲ್ಲ. ಡೀಸೆಲ್ ಟ್ಯಾಂಕಿನಿಂದಲೇ ಎಳೆಯುವ ಜನರೇಟರ್ ಇದ್ದರೆ ಅದನ್ನೂ ನಿಲ್ಲಿಸಿ, ಇಲ್ಲದಿದ್ದರೆ ಅದರ ಲೈನಿಗೂ ಗಾಳಿ ಹೊಕ್ಕು ಎರಡು ಕೆಲಸ ಆಗುತ್ತದೆ. ಫಿಲ್ಟರ್ ಎಲ್ಲಿದೆ ಎಂದು ಮನೆಯಲ್ಲೇ ನೋಡಿಟ್ಟುಕೊಂಡಿರಬೇಕು. ಕೆಲವರು ಮೆಟ್ಟಿಲು, ನೀರಿನ ಟ್ಯಾಂಕ್ ಕೂರಿಸುವಾಗ ಚಾಸಿಯ ಬದಿಯ ಫಿಲ್ಟರ್ ಮುಚ್ಚಿಬಿಟ್ಟಿರುತ್ತಾರೆ.

ಮೊದಲು ಸುತ್ತಲಿನ ಧೂಳು, ಉಪ್ಪು ಒರೆಸಿ. ತಳದ ನೀರಿನ ಸೆನ್ಸರ್ ವೈರ್ ಬಿಡಿಸಿ. ಕರಾವಳಿ ಗಾಡಿಗಳಲ್ಲಿ ಈ ಕನೆಕ್ಟರ್ ಪಿನ್ ಹಸಿರುಗಟ್ಟಿರುತ್ತದೆ, ಫಿಲ್ಟರ್ ಹೊಸದಾದರೂ ನೀರಿನ ಲೈಟ್ ಹೋಗದಿರಲು ಅದೇ ಕಾರಣ. ತಳದ ಡ್ರೇನ್ ಪ್ಲಗ್ ಸಡಿಲಿಸಿ ಸುಮಾರು 200 ಮಿಲಿಲೀಟರ್ ಬಾಟಲಿಗೆ ಬಿಡಿ, ಮುಚ್ಚಿ ನೆರಳಲ್ಲಿ ಹದಿನೈದು ನಿಮಿಷ ಇಡಿ. ಆಮೇಲೆ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆಯಾದ ಪದರ ನಿಂತು, ಬಾಟಲಿ ಓರೆ ಮಾಡಿದರೆ ಗುಂಡುಗುಂಡಾಗಿ ಜಾರಿದರೆ ಅದು ನೀರು. ಮಜ್ಜಿಗೆಯ ಹಾಗೆ ಮಬ್ಬಾಗಿದ್ದರೆ ನೀರು ಬೆರೆತುಹೋಗಿದೆ. ಕಾಫಿ ಚರಟದಂಥ ಕಪ್ಪು ಕಣ, ಲೋಳೆ ಇದ್ದರೆ ಟ್ಯಾಂಕ್ ತೊಳೆಯುವವರೆಗೂ ಫಿಲ್ಟರ್ ಕಟ್ಟುತ್ತಲೇ ಇರುತ್ತದೆ, ಎರಡನೇ ಫಿಲ್ಟರ್ ಕೈಗೆ ಸಿಗುವಲ್ಲಿ ಇರಲಿ. ಕೆಂಪು ಪುಡಿ ತುಕ್ಕು. ಬೆಳ್ಳಿಯ ಮಿನುಗು ಕಂಡರೆ ಪಂಪಿನ ಒಳಭಾಗ ಸವೆಯುತ್ತಿದೆ ಎಂದರ್ಥ, ಆಗ ಘಟ್ಟ ಹತ್ತುವ ಆಲೋಚನೆ ಬಿಟ್ಟು ಕುಮಟಾಕ್ಕೆ ತಿರುಗಿಸಿ.

ಪೈಪ್ ಬಿಚ್ಚುವ ಮೊದಲು ಒಂದು ಫೋಟೋ ತೆಗೆದು, ಒಳಬರುವುದಕ್ಕೆ ಟೇಪ್ ಸುತ್ತಿ. ಒಳ ಹೊರ ಅದಲುಬದಲಾದರೆ ಲೈನಿನಲ್ಲಿ ಉಳಿದ ಡೀಸೆಲ್‌ಗೆ ಎಂಜಿನ್ ಚಾಲೂ ಆಗಿ ಸ್ವಲ್ಪದರಲ್ಲೇ ಸಾಯುತ್ತದೆ. ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಒತ್ತಿ ಬಿಡಿಸಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಿಸಿಗೆ ಒಣಗಿದ ಕ್ಲಿಪ್ ಚಟ್ ಎಂದು ಮುರಿಯುತ್ತದೆ, ಕತಗಾಲದಲ್ಲಿ ಅದು ಸಿಗುವುದಿಲ್ಲ. ಬೆಲ್ಟ್, ಆಲ್ಟರ್ನೇಟರ್ ಮೇಲೆ ಪ್ಲಾಸ್ಟಿಕ್ ಹೊದಿಸಿ. ಡೀಸೆಲ್ ಕುಡಿದ ರಬ್ಬರ್ ಉಬ್ಬುತ್ತದೆ.

ಹಳೆಯದು ಕೈಗೆ ಬಂದ ಮೇಲೆ ಅದರ ರಬ್ಬರ್ ಸೀಲ್ ಅದರ ಜೊತೆಗೇ ಬಂದಿದೆಯೇ ನೋಡಿ. ಹೆಡ್‌ಗೆ ಅಂಟಿ ಉಳಿದದ್ದರ ಮೇಲೆ ಹೊಸ ಸೀಲ್ ಕೂತರೆ ಖಂಡಿತ ಸೋರುತ್ತದೆ. ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಇದೇ. ಹೊಸ ಸೀಲಿಗೆ ಶುದ್ಧ ಡೀಸೆಲ್ ಸವರಿ, ಕೈಯಲ್ಲೇ ತಿರುಗಿಸಿ, ಸೀಲ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಪಾನಾ ಬಿಚ್ಚಲು ಮಾತ್ರ, ಬಿಗಿಸಲು ಅಲ್ಲ. ನೀರಿನ ಸೆನ್ಸರ್ ಹಳೆಯದರಿಂದ ಬಿಚ್ಚಿ ಹೊಸ ಓ-ರಿಂಗ್ ಹಾಕಿ ಕೂರಿಸಿ, ಪ್ಲಾಸ್ಟಿಕ್ ಚೂಡಿ ಎಂಬುದು ನೆನಪಿರಲಿ. ಬ್ಯಾಂಜೋ ಬೋಲ್ಟ್ (ಪೈಪ್ ಜೋಡಿಸುವ ಒಳಪೊಳ್ಳು ಬೋಲ್ಟ್) ಇದ್ದರೆ ತಾಮ್ರದ ವಾಷರ್ ಎರಡೂ ಹೊಸದು.

ಹೊಸ ಫಿಲ್ಟರಿಗೆ ಡೀಸೆಲ್ ತುಂಬಿಸಿ ಹಾಕಬೇಕೇ? ಹಳೆಯ ಲಾರಿ ಮೆಕ್ಯಾನಿಕ್‌ಗಳು ತುಂಬಿಸುತ್ತಾರೆ, ಏರ್ ತೆಗೆಯುವುದು ಬೇಗ ಆಗುತ್ತದೆ. ಕಾಮನ್ ರೈಲ್ ಎಂಜಿನ್ನಿಗೆ, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಭಾರೀ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಎಂಜಿನ್ನಿಗೆ, ಇದು ಬೇಡ. ನಡುವಿನ ತೂತಿಗೆ ಸುರಿದ ಡೀಸೆಲ್ ಸೋಸದೆ ಪಂಪಿಗೆ ಹೋಗುತ್ತದೆ. ಟೈರಿನಲ್ಲಿ ನಾಲ್ಕೈದು ಬಾರ್ ಒತ್ತಡವಿದ್ದರೆ ರೈಲಿನಲ್ಲಿ 1,600 ಬಾರ್ ಆಸುಪಾಸು, ಅಲ್ಲಿ ಒಂದು ಮರಳಿನ ಕಣ ಸಾಕು.

ಏರ್ ತೆಗೆಯಲು ಕೈ ಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ, ಐವತ್ತರಿಂದ ನೂರು ಸಲ ಬೇಕಾಗಬಹುದು. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇದ್ದರೆ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ ಅರ್ಧ ನಿಮಿಷ ಬಿಡಿ, ಆಫ್ ಮಾಡಿ. ಹೀಗೆ ನಾಲ್ಕೈದು ಸಲ. ಆಮೇಲೆ ಸೆಲ್ಫ್, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚಿಲ್ಲ, ನಡುವೆ ಒಂದು ನಿಮಿಷ ಬಿಡುವು. ಹಳೆಯ ಪಂಪಿನ ಎಂಜಿನ್ನಿನಲ್ಲಿ ಇಂಜೆಕ್ಟರ್ ನಟ್ ಸಡಿಲಿಸಿ ಏರ್ ಬಿಡುವ ಪದ್ಧತಿ ಇದೆ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲೇಬೇಡಿ, ಆ ಒತ್ತಡದ ಸಣ್ಣ ಧಾರೆ ಚರ್ಮ ತೂರಿ ಒಳಹೋಗುತ್ತದೆ. ಯಾರಾದರೂ ಸಹಾಯಕ್ಕೆ ಬಂದು ಸ್ಪ್ಯಾನರ್ ಎತ್ತಿದರೆ ಕೈ ಹಿಡಿದು ನಿಲ್ಲಿಸಿ.

ಚಾಲೂ ಆದ ಮೇಲೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಟಿಶ್ಯೂ ಕಾಗದ ಸೀಲಿನ ಸುತ್ತ ಒತ್ತಿ ನೋಡಿ. ಕಾಗದ ಒಣಗಿದ್ದರೂ ಎಂಜಿನ್ ಏರಿಳಿಯುತ್ತಿದ್ದರೆ ಪಂಪ್ ಎಳೆಯುವ ಬದಿಯಲ್ಲಿ ಗಾಳಿ ಹೋಗುತ್ತಿದೆ. ಅಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ, ಅದಕ್ಕೇ ಕಣ್ಣಿಗೆ ಕಾಣುವುದಿಲ್ಲ. ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿದರೆ ಗುಳ್ಳೆ ಓಡುವುದು ಕಾಣುತ್ತದೆ. ಮೊದಲ ಸಲ ಮಾಡುವವರಿಗೆ ಒಟ್ಟು ಒಂದೂವರೆ ಗಂಟೆ.

ಡಬ್ಬಿಯ ಡೀಸೆಲ್ ತೋಡಿಗೆ ಚೆಲ್ಲಬೇಡಿ, ಅಘನಾಶಿನಿಗೆ ಸೇರುತ್ತದೆ. ಮುಚ್ಚಳ ಬಿಗಿದು ಶಿರಸಿಗೆ ಒಯ್ದರೆ ಗ್ಯಾರೇಜಿನವರು ಪಾರ್ಟ್ಸ್ ತೊಳೆಯಲು ಇಟ್ಟುಕೊಳ್ಳುತ್ತಾರೆ.

ಹೊರಡುವ ಮುನ್ನ ಘಟ್ಟ ತೆರೆದಿದೆಯೇ ಕುಮಟಾದಲ್ಲೇ ಕೇಳಿರಬೇಕು, ಅಗಲೀಕರಣದ ಕೆಲಸಕ್ಕೆಂದು ದೇವಿಮನೆಯಲ್ಲಿ ಸಂಚಾರ ನಿಲ್ಲಿಸಿದ್ದುಂಟು. ಬದಲಿಗೆ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಸುತ್ತಬಹುದು, ಲಾರಿ ಸಾಲು ಸಹಿಸಬೇಕು. ದೊಡ್ಮನೆ ಘಟ್ಟ ದೊಡ್ಡ ಗಾಡಿಗೆ ಇಕ್ಕಟ್ಟು.

ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಪೇಟೆಯೊಳಗೆ ಗಾಡಿ ಒಯ್ಯಬೇಡಿ. ಎಲ್ಲೇ ನಿಂತರೂ ರಾತ್ರಿ ಫಿಲ್ಟರಿನ ಕೆಳಗೆ ಒಂದು ರಟ್ಟಿನ ತುಂಡು ಇಟ್ಟು ಮಲಗಿ. ಬೆಳಿಗ್ಗೆ ರಟ್ಟು ಒಣಗಿದ್ದು, ಒಂದೇ ಸೆಲ್ಫಿಗೆ ಎಂಜಿನ್ ಎದ್ದರೆ ಸೀಲ್ ಸರಿಯಾಗಿ ಕೂತಿದೆ. ರಟ್ಟು ಒಣಗಿದ್ದೂ ಮೂರು ಸಲ ಸೆಲ್ಫ್ ಬೇಡಿದರೆ, ತಿಂಡಿಗೂ ಮುಂಚೆ ಒಳಬರುವ ಪೈಪಿನ ಕ್ಲಿಪ್ ನೋಡಿ.