ಬೊಂಬೆ ಮುಂದೆ ಬಾಯಿ ಬಿಡದ ಎಂಟು ಜನ

ಶನಿವಾರ ನೈಟ್ ಡ್ಯೂಟಿ ಮುಗ್ಸಿ ಸೀದಾ ಮನೆಗೆ ಹೋಗಿ ಮಲ್ಕೋಬೇಕಿತ್ತು, ಆದ್ರೆ ಹಿಂದಿನ ವಾರನೇ ಒಪ್ಕೊಂಡ್ಬಿಟ್ಟಿದ್ದೆ, ಐಸಿಯು ಪೋಸ್ಟಿಂಗ್‌ಗೆ ಬಂದಿರೋ ಫೈನಲ್ ಇಯರ್ ಬಿಎಸ್ಸಿ ನರ್ಸಿಂಗ್ ಮಕ್ಕಳಿಗೆ ಸ್ಕಿಲ್ ಲ್ಯಾಬಲ್ಲಿ ಒಂದು ಮಾಕ್ ಕೋಡ್, ಅಂದ್ರೆ ಹಾರ್ಟ್ ನಿಂತ ಪೇಷಂಟನ್ನ ಉಳಿಸೋ ಪ್ರಾಕ್ಟೀಸು, ಬೊಂಬೆ ಮೇಲೆ ಮಾಡಿಸ್ತೀನಿ ಅಂತ. ಏಳು ಹುಡುಗೀರು, ಒಬ್ಬ ಹುಡುಗ. ಎಲ್ರ ಲಾಗ್ ಬುಕ್ಕೂ ನೋಡ್ದೆ, ಸಹಿಗಳು ಫುಲ್. ಸಿಪಿಆರ್ ಆಗಿದೆ, ಕಫ ಎಳೆಯೋ ಸಕ್ಷನ್ ಆಗಿದೆ, ಇಸಿಜಿ ಆಗಿದೆ. ಓದೋದ್ರಲ್ಲೂ ಚುರುಕು, ಸಿಪಿಆರಲ್ಲಿ ನಿಮಿಷಕ್ಕೆ ಎಷ್ಟು ಸಲ ಎದೆ ಒತ್ತಬೇಕು ಅಂದ್ರೆ 100ರಿಂದ 120 ಅಂತ ಕೋರಸ್ಸಲ್ಲಿ ಹೇಳ್ತಾರೆ, ಎಷ್ಟು ಆಳ ಅಂದ್ರೆ 5ರಿಂದ 6 ಸೆಂಟಿಮೀಟರ್.

ಬೊಂಬೆ ಮಲಗಿಸಿ ಮಾನಿಟರಲ್ಲಿ ಫ್ಲಾಟ್ ಲೈನ್ ಹಾಕ್ದೆ. ಒಬ್ಳು ಓಡಿಹೋಗಿ ಶಾಕ್ ಕೊಡೋ ಡಿಫಿಬ್ ಪ್ಯಾಡಲ್ ಹಿಡ್ಕೊಂಡ್ ಬಂದ್ಲು. ಸಿನಿಮಾ ಮಾಡೋರು ನಮ್ಗೆ ಮಾಡಿರೋ ಉಪಕಾರ ಇದು! ಗೆರೆ ಸಪಾಟಾಗಿದ್ರೆ ಶಾಕ್ ಇಲ್ಲ ಕಣಮ್ಮ, ಎದೆ ಒತ್ತು, ಅಡ್ರಿನಲಿನ್ ಇಂಜೆಕ್ಷನ್ ಕೊಡು ಅಂದೆ. ಆ ಹುಡುಗ ಒತ್ತೋಕೆ ಶುರು ಮಾಡ್ದ, ಚೆನ್ನಾಗೇ ಒತ್ತಿದ, ಬೊಂಬೆ ಪಕ್ಕದ ಬಾಕ್ಸಲ್ಲಿ ಹಸಿರು ಲೈಟು. ಎರಡು ನಿಮಿಷ ಆಯ್ತು, ಮೂರಾಯ್ತು, ಬೆವರು ಬೊಂಬೆ ಮೇಲೆ ತೊಟ್ಟಿಕ್ತಿದೆ, ಲೈಟು ಹಳದಿಗೆ ಬಂತು ಅಂದ್ರೆ ಆಳ ಸಾಲ್ತಿಲ್ಲ, ಆದ್ರೂ ಅವನು ಬಾಯಿ ಬಿಡಲ್ಲ, ಪಕ್ಕದಲ್ಲಿ ನಿಂತಿರೋರೂ ‘ನಾನ್ ಬರ್ತೀನಿ ಬಿಡು’ ಅನ್ನಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗ್ಬೇಕು ಅನ್ನೋದು ಎಂಟೂ ಜನಕ್ಕೆ ಗೊತ್ತು. ಈ ಕಡೆ ಅಡ್ರಿನಲಿನ್ ಒಬ್ಳು ಕೊಟ್ಟು ಸಿರಿಂಜ್ ಟ್ರೇಲಿಟ್ಳು, ಹೇಳ್ಲಿಲ್ಲ. ಒಂದು ನಿಮಿಷ ಆಗಿಲ್ಲ, ಇನ್ನೊಬ್ಳು ಇನ್ನೊಂದು ಆಂಪೂಲ್ ಒಡೆದು ಕೊಟ್ಳು. 3ರಿಂದ 5 ನಿಮಿಷದ ಅಂತರ ಇರ್ಬೇಕಾದ ಡೋಸು.

ಮುಗಿದ್ಮೇಲೆ ಕೂರ್ಸಿ ಕೇಳ್ದೆ, ಸುಸ್ತಾಯ್ತು ಅಂತ ಯಾಕಪ್ಪ ಹೇಳ್ಲಿಲ್ಲ? ‘ಮೇಡಂ, ಹೇಳಿದ್ರೆ ಏನನ್ಕೋತಾರೋ ಅಂತ.’

ನಂಗೆ ನಗು ಬರ್ಲಿಲ್ಲ, ಯಾಕಂದ್ರೆ ನಾನೂ ಹಾಗೇ ಬೆಳೆದೋಳು. ಮೂರನೇ ವರ್ಷದಲ್ಲಿದ್ದಾಗ ಒಬ್ರು ಅಜ್ಜಿಗೆ 10 ಯೂನಿಟ್ ಇನ್ಸುಲಿನ್ ಕೊಡ್ಬೇಕಿತ್ತು. ನಮ್ಮಲ್ಲಿ ವೈಲು ಎರಡು ಥರ ಬರುತ್ತಲ್ಲ, ಒಂದು ಎಂಎಲ್‌ಗೆ 40 ಯೂನಿಟ್ದು, 100 ಯೂನಿಟ್ದು, ಸಿರಿಂಜೂ ಅದಕ್ಕೆ ತಕ್ಕಂಗೆ ಬೇರೆ ಬೇರೆ, 40ಕ್ಕೆ ಕೆಂಪು ಕ್ಯಾಪು, 100ಕ್ಕೆ ಕಿತ್ತಳೆ. ನನ್ನ ಕೈಲಿದ್ದಿದ್ದು 100ರ ವೈಲು, ಟ್ರೇಲಿದ್ದಿದ್ದು ಕೆಂಪು ಕ್ಯಾಪ್ ಸಿರಿಂಜು. ಏನೋ ಸರಿಯಿಲ್ಲ ಅಂತ ಅನ್ನಿಸ್ತು, ಅನ್ನಿಸ್ಲಿಲ್ಲ ಅಂತಲ್ಲ, ಆದ್ರೆ ಬೆಳಗ್ಗಿನ ಗಡಿಬಿಡೀಲಿ ಕೇಳಿದ್ರೆ ‘ಇಷ್ಟೂ ಗೊತ್ತಿಲ್ವಾ’ ಅಂತ ಎಲ್ರ ಮುಂದೆ ಬೈಸ್ಕೋಬೇಕಲ್ಲ ಅಂತ 10ರ ಗೆರೆಗೆ ಎಳ್ಕೊಂಡೆ. ಕೆಂಪು ಕ್ಯಾಪ್ ಸಿರಿಂಜಲ್ಲಿ 10ರ ಗೆರೆ ಅಂದ್ರೆ ಕಾಲು ಎಂಎಲ್, 100ರ ವೈಲಿಂದ ಎಳೆದ್ರೆ 10 ಅಲ್ಲ ಅದು, 25 ಯೂನಿಟ್. ಇನ್‌ಚಾರ್ಜ್ ಸಿಸ್ಟರ್ ಅದೇ ದಾರೀಲಿ ಬಂದೋರು ಕೈ ಹಿಡ್ಕೊಂಡ್ರು, ಅಷ್ಟೇ. ಬೈಲೂ ಇಲ್ಲ. ಎಳಿ ಇನ್ನೊಂದ್ಸಲ, ಜೋರಾಗಿ ಹೇಳ್ತಾ ಎಳಿ ಅಂದ್ರು.

ಆಗ ವರ್ಷಕ್ಕೊಂದು ಪರೀಕ್ಷೆ, ಕೆಲಸ ಕಲಿತಿದ್ದು ಹೆಚ್ಚೂಕಮ್ಮಿ ಪೇಷಂಟ್ ಮೈ ಮೇಲೇನೇ. 2021ರಲ್ಲಿ ನರ್ಸಿಂಗ್ ಕೌನ್ಸಿಲ್ ಹೊಸ ಸಿಲಬಸ್ ತಂದ್ಮೇಲೆ 8 ಸೆಮಿಸ್ಟರು, ಸಿಮ್ಯುಲೇಷನ್ನಿಗೂ ಜಾಗ ಆಗಿದೆ, ಒಳ್ಳೇದೇ. ಆದ್ರೆ ಬೊಂಬೆ ಮೇಲೆ ಎಲ್ಲಾ ಬರಲ್ಲ. ಡ್ರಿಪ್‌ಗೆ ನರಕ್ಕೆ ಹಾಕೋ ಕ್ಯಾನುಲಾನೇ ತಗೊಳ್ಳಿ. ರಬ್ಬರ್ ಕೈಯಲ್ಲಿ ವೇನ್ ಹಾಕಿದ್ ಜಾಗದಲ್ಲೇ ಇರುತ್ತೆ, 80 ವರ್ಷದ ಅಜ್ಜಿ ಕೈಯಲ್ಲಿ ಸೂಜಿ ಮುಟ್ಟಿದ ತಕ್ಷಣ ಪಕ್ಕಕ್ಕೆ ಜಾರ್ಕೊಳುತ್ತೆ, ಚರ್ಮ ಕೆಳಕ್ಕೆ ಎಳ್ದು ಹೆಬ್ಬೆರಳಲ್ಲಿ ಬಿಗಿ ಹಿಡೀಬೇಕು ಅನ್ನೋದು ಓದಿದ್ರೆ ಬರಲ್ಲ, ಅದ್ರ ಮೇಲೆ ಅಜ್ಜಿ ‘ನರ ಸಿಕ್ತೇನವ್ವಾ’ ಅಂತ ಕೇಳ್ತಿರ್ತಾರೆ. ಯಾವ ಬೊಂಬೆನೂ ಹಾಗೆ ಕೇಳಲ್ಲ. ನನ್ನ ಪ್ರಕಾರ ಬೊಂಬೆ ಇರೋದು ಕೈ ಪಳಗಿಸೋಕಲ್ಲ, ಬಾಯಿ ಪಳಗಿಸೋಕೆ. ಪೇಷಂಟ್ ಸಾಯಲ್ಲ ಅನ್ನೋ ಧೈರ್ಯದಲ್ಲಿ ತಪ್ಪು ತಪ್ಪಾಗಿಯಾದ್ರೂ ಕೂಗೋಕೆ.

ಅದಕ್ಕೆ ಎರಡನೇ ರೌಂಡಲ್ಲಿ ನಾನೇ ಡಾಕ್ಟ್ರಾದೆ, ಸಿಡುಕು ಮೂತಿ ಡಾಕ್ಟ್ರು. ಏನೇ ಮಾಡಿದ್ರೂ ಜೋರಾಗಿ ಹೇಳ್ಬೇಕು ಅಂತ ರೂಲು. ‘ಅಡ್ರಿನಲಿನ್ ಒಂದು ಎಂಜಿ ಕೊಟ್ಟೆ, ಟೈಮ್ 10:20’ ಅಂತ ಒಬ್ಳು ಕಿರುಚಿದ್ಳು, ಇನ್ನೊಬ್ಳು ಬೋರ್ಡಲ್ಲಿ ಬರ್ಕೊಂಡ್ಳು. ಹುಡುಗ ‘ಚೇಂಜ್’ ಅಂದ. ಚೆನ್ನಾಗ್ ನಡೀತಿತ್ತು, ಅಷ್ಟರಲ್ಲಿ ನಾನು ‘ಪೊಟ್ಯಾಸಿಯಂ ಲೋ ಇದೆ, ಕೆಸಿಎಲ್ ಒಂದು ಆಂಪೂಲ್ ಪುಶ್ ಮಾಡಿ, ಬೇಗ’ ಅಂತ ಗದರ್ದೆ. ಕೆಸಿಎಲ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಡೈಲ್ಯೂಟ್ ಮಾಡದೇನೇ ಅದನ್ನ ನೇರ ನರಕ್ಕೆ ಪುಶ್ ಮಾಡಿದ್ರೆ ಹಾರ್ಟೇ ನಿಂತೋಗುತ್ತೆ, ಸೆಕೆಂಡ್ ಇಯರ್ ಮಕ್ಕಳಿಗೂ ಗೊತ್ತು. ಒಬ್ಳು ಆಂಪೂಲ್ ತಗೊಂಡೇಬಿಟ್ಳು. ಇನ್ನೊಬ್ಳು ಸಿರಿಂಜ್ ಕವರ್ ಹರಿದ್ಳು. ರೂಮಲ್ಲಿ ಬೊಂಬೆ ಎದೆಯ ಟಕ್ ಟಕ್ ಬಿಟ್ರೆ ಸದ್ದಿಲ್ಲ. ಆಗ ಉಸಿರು ತುಂಬೋ ಆಂಬು ಬ್ಯಾಗ್ ಹಿಡ್ಕೊಂಡಿದ್ದ, ಬೆಳಗ್ಗಿಂದ ಒಂದ್ ಮಾತೂ ಆಡದ ಹುಡುಗಿ, ತಲೆ ಎತ್ತದೇನೇ, ‘ಸರ್, ಕೆಸಿಎಲ್ ಪುಶ್ ಕೊಡಂಗಿಲ್ಲ ಅಲ್ವಾ’ ಅಂದ್ಳು. ನನ್ನನ್ನ ಸರ್ ಅಂದಿದ್ದು ಅವಳಿಗೆ ಗೊತ್ತೇ ಆಗಿಲ್ಲ. ಎಲ್ರೂ ನಕ್ರು, ಸಿರಿಂಜ್ ಹಿಡ್ಕೊಂಡಿದ್ದೋಳು ಅತ್ತೇಬಿಟ್ಳು.

ಮಂಗಳವಾರ ಆ ಆಂಬು ಬ್ಯಾಗ್ ಹುಡುಗಿ ಐಸಿಯುನಲ್ಲಿ ನಾನು ನೋಡ್ಕೊಳ್ತಿದ್ದ ಬೆಡ್ಡಿಗೇ ಬಂದಿದ್ಳು. ವೆಂಟಿಲೇಟರ್ ಪೇಷಂಟ್‌ಗೆ ಸಕ್ಷನ್ ಮಾಡ್ತಿದ್ದೆ, ಕಫ ಗಟ್ಟಿ, ಬರ್ತಾನೇ ಇದೆ, ಇನ್ನೊಂಚೂರು ಇನ್ನೊಂಚೂರು ಅಂತ ನಾನು ಕಫ ಎಳೆಯೋ ಟ್ಯೂಬು, ಕ್ಯಾತಿಟರ್, ಒಳಗೇ ಬಿಟ್ಟಿದ್ದೀನಿ. ‘ಸಿಸ್ಟರ್, 15 ಸೆಕೆಂಡ್ ಆಯ್ತು’ ಅಂತ ಹಿಂದಿನಿಂದ ಸಣ್ಣ ದನಿ. ಮಾನಿಟರ್ ನೋಡಿದ್ರೆ ಆಕ್ಸಿಜನ್ ಸ್ಯಾಚುರೇಷನ್ 88ಕ್ಕೆ ಇಳಿದಿದೆ. ಕ್ಯಾತಿಟರ್ ತೆಗ್ದೆ.